ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಮ್ಮ ಗಂಟೆಗಳ ಲೆಕ್ಕವನ್ನೂ ಬರೆಯೋಣ

ಚಿಕ್ಕಪೇಟೆ, ಮಾಮೂಲ್‌ಪೇಟೆ, ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗಳ ಸೀರೆ ಅಂಗಡಿ, ಪಾತ್ರೆ ಅಂಗಡಿ, ರೆಡಿಮೇಡ್ ಶೋರೂಮು, ಮೊಬೈಲ್ ಅಂಗಡಿಗಳಲ್ಲಿ ನಿಂತು ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಆಷಾಢದ ಡಿಸ್ಕೌಂಟ್ ಬೋರ್ಡುಗಳು ಇಳಿಯುತ್ತಿವೆ. ಶ್ರಾವಣ ಬಂತು. ಇನ್ನು ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ, ಅದರ ಬೆನ್ನಿಗೇ ಕಾರ್ತಿಕದ ಮದುವೆಗಳು. ಊರಿಗೆಲ್ಲ ಹಬ್ಬದ ಬಟ್ಟೆ ಕೊಡುವ ನಾವು ಈ ನಾಲ್ಕು ತಿಂಗಳು ನಮ್ಮ ಮಕ್ಕಳು ಎಚ್ಚರವಿರುವಾಗ ಮನೆ ಸೇರುವುದಿಲ್ಲ.

ನಮ್ಮ ದಿನ ಹೇಗಿರುತ್ತದೆಂದು ನಮಗೆ ಗೊತ್ತು. ಬೆಳಗ್ಗೆ ಒಂಬತ್ತೂವರೆಗೆ ಒಳಗಿರಬೇಕು. ಗುಡಿಸಿ, ಒರೆಸಿ, ಬೊಂಬೆಗೆ ಸೀರೆ ಉಡಿಸಿ, ದೇವರ ಪಟಕ್ಕೆ ಹೂ ಹಾಕುವಷ್ಟರಲ್ಲಿ ಒಂದು ಗಂಟೆಯ ಕೆಲಸ ಮುಗಿದಿರುತ್ತದೆ. ಮೊದಲ ಗಿರಾಕಿ ಇನ್ನೂ ಬಂದಿರುವುದಿಲ್ಲ. ಮಧ್ಯಾಹ್ನ ಪಾಳಿಯ ಮೇಲೆ ಊಟ. ಡಬ್ಬಿ ತೆರೆದು ಎರಡನೇ ತುತ್ತು ಬಾಯಿಗಿಡುವಾಗ ಕೆಳಗಿನಿಂದ ಕೂಗು ಬರುತ್ತದೆ. ರಾತ್ರಿ ಒಂಬತ್ತೂವರೆಗೆ ಷಟರ್ ಅರ್ಧ ಇಳಿಯುತ್ತದೆ, ಗಿರಾಕಿಗೆ ಅಂಗಡಿ ಮುಚ್ಚಿತು. ಒಳಗೆ ನಾವು ದಿನವಿಡೀ ಬಿಚ್ಚಿ ತೋರಿಸಿದ ಸೀರೆಗಳ ಗುಡ್ಡದ ಮುಂದೆ ನಿಂತು, ಅಂಚಿಗೆ ಅಂಚು ಹೊಂದಿಸಿ ಮಡಚುತ್ತಾ ಇರುತ್ತೇವೆ. ಹತ್ತೂವರೆ ಆಗುತ್ತದೆ. ಒಟ್ಟು ಹದಿಮೂರು ಗಂಟೆ. ಅದರಲ್ಲಿ ಊಟದ ಅರ್ಧ ಗಂಟೆ ಕಳೆದರೂ ಹನ್ನೆರಡೂವರೆ, ವಾರಕ್ಕೆ ಆರು ದಿನ ಎಂದರೆ 75 ಗಂಟೆ. ಸಂಬಳದ ಚೀಟಿಯಲ್ಲಿ ಈ 75 ಎಲ್ಲೂ ಇಲ್ಲ.

ಈ ಕರಪತ್ರ ನಿಮ್ಮಿಂದ ಹಣ ಕೇಳುವುದಿಲ್ಲ, ಮತ ಕೇಳುವುದಿಲ್ಲ, ನಾಳೆಯೇ ಕೆಲಸ ನಿಲ್ಲಿಸಿ ಎನ್ನುವುದಿಲ್ಲ. ಕೇಳುವುದು ಒಂದನ್ನೇ: ಇವತ್ತಿನಿಂದ ಬರೆದಿಡಿ. ಎಷ್ಟು ಹೊತ್ತಿಗೆ ಬಂದಿರಿ, ಊಟಕ್ಕೆ ಎಷ್ಟು ನಿಮಿಷ ಸಿಕ್ಕಿತು, ಎಷ್ಟು ಹೊತ್ತಿಗೆ ಬಿಟ್ಟರು. ನಿಮ್ಮ ಕೈಬರಹದಲ್ಲಿ, ದಿನವೂ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ನಾನು ಬರೆದಿಡಲಿಲ್ಲ.

ಒಂದು ಸೀರೆ ಶೋರೂಮಿನಲ್ಲಿ ಹನ್ನೊಂದು ವರ್ಷ ನಿಂತಿದ್ದೇನೆ. ತಿಂಗಳ ಕೊನೆಗೆ ಮ್ಯಾನೇಜರು ಹಾಜರಿ ಪುಸ್ತಕ ತಂದು ಮುಂದಿಡುತ್ತಿದ್ದರು. ಮೂವತ್ತು ದಿನದ ಸಹಿ ಒಂದೇ ಏಟಿಗೆ. ಬಂದ ಹೊತ್ತು, ಹೋದ ಹೊತ್ತಿನ ಜಾಗ ಖಾಲಿ ಇರುತ್ತಿತ್ತು. ಕೆಲಸ ಬಿಟ್ಟ ಮೇಲೆ ಹೆಚ್ಚುವರಿ ದುಡಿಮೆಯ ಹಣ ಕೇಳಿಕೊಂಡು ಕಾರ್ಮಿಕ ಅಧಿಕಾರಿಯ ಮುಂದೆ ಹೋದೆ. ಮಾಲೀಕರ ಕಡೆಯವರು ಅದೇ ಪುಸ್ತಕ ತೆರೆದು ತೋರಿಸಿದರು. ಪ್ರತಿ ದಿನ ಬೆಳಗ್ಗೆ 10, ಸಂಜೆ 7, ಊಟಕ್ಕೆ 1 ಗಂಟೆ. ಕೆಳಗೆ ನನ್ನ ಸಹಿ. ನಾನೇ ಹಾಕಿದ್ದು. ನನ್ನ ಕೈಯಲ್ಲಿ ಬೇರೆ ಯಾವ ಕಾಗದವೂ ಇರಲಿಲ್ಲ, ವಾದಿಸಲು ಬಾಯಿ ಮಾತ್ರ ಇತ್ತು.

ನನ್ನ ಜೊತೆಗೇ ದೂರು ಕೊಟ್ಟ ಇನ್ನೊಬ್ಬರು ಅಕ್ಕ ಇದ್ದರು. ಅವರು ಹೆಚ್ಚು ಓದಿದವರಲ್ಲ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಪ್ಯಾಕೆಟ್ಟಿನ ಗುರುತು ಹಾಕುವ ಅದೇ ಚೌಕದ ಮೂಲೆಯಲ್ಲಿ, ಮನೆಗೆ ಬಂದ ಹೊತ್ತನ್ನು ಬರೆಯುತ್ತಿದ್ದರು. 10.50. 11.10. 10.40. ದೂರಿಗೆಂದು ಬರೆದದ್ದಲ್ಲ, ಅತ್ತೆ ಪ್ರತಿ ರಾತ್ರಿ ‘ಯಾಕೆ ಇಷ್ಟು ಹೊತ್ತು’ ಎಂದು ಕೇಳುತ್ತಿದ್ದರಂತೆ, ಅದಕ್ಕೆ ಉತ್ತರವಾಗಿ ಬರೆದದ್ದು. ಎರಡು ವರ್ಷದ ಇಪ್ಪತ್ತನಾಲ್ಕು ಹಾಳೆ ಸುರುಳಿ ಸುತ್ತಿ ತಂದು ಮೇಜಿನ ಮೇಲೆ ಬಿಡಿಸಿದರು. ಅಧಿಕಾರಿ ಬಹಳ ಹೊತ್ತು ನೋಡಿದರು. ಆಮೇಲೆ ಮಾತಿನ ದಿಕ್ಕೇ ಬದಲಾಯಿತು. ಅವರಿಗೆ ಹಣ ಬಂತು, ಪೂರ್ತಿಯಲ್ಲ, ಆದರೆ ಬಂತು. ನನಗೆ ಬರಲಿಲ್ಲ.

ಅರ್ಧ ಲೀಟರ್ ಹಾಲಿಗೆ ಲೆಕ್ಕ ಇಡುತ್ತೇವೆ. ಹನ್ನೊಂದು ವರ್ಷದ ಆಯುಸ್ಸಿಗೆ ನಾನು ಇಡಲಿಲ್ಲ.

ಈಗ ಕಾನೂನಿನ ಮಾತು. ನಮ್ಮ ರಾಜ್ಯದಲ್ಲಿ ‘ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961’ ಇದೆ. ಆಗ ಇದು ಮೈಸೂರು ರಾಜ್ಯದ ಕಾಯ್ದೆ, ಈಗ ಕರ್ನಾಟಕದ್ದು. ‘ನೀನು ಪರ್ಮನೆಂಟ್ ಅಲ್ಲ, ನಿನಗೆ ಅದು ಬರಲ್ಲ’ ಎಂದು ಹೇಳುತ್ತಾರಲ್ಲ, ಅದು ಸುಳ್ಳು. ಕಾಯಂ ಇರಲಿ, ಗುತ್ತಿಗೆ ಇರಲಿ, ಪೀಸ್ ರೇಟ್ ಇರಲಿ, ಬರೀ ಕಮಿಷನ್ ಮೇಲೆ ನಿಂತವರಿರಲಿ, ಈ ಕಾಯ್ದೆಯ ಲೆಕ್ಕದಲ್ಲಿ ಎಲ್ಲರೂ ನೌಕರರೇ.

ಅದರ ಕಲಂ 7 ಹೇಳುವುದು: ದಿನಕ್ಕೆ 9 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಮೀರಬಾರದು. ಇಲ್ಲೊಂದು ಕಡೆ ನಮ್ಮನ್ನು ಸದಾ ಏಮಾರಿಸುತ್ತಾರೆ. ‘ಕಾನೂನು ಒಂಬತ್ತು ಗಂಟೆ ಅನ್ನುತ್ತೆ, ಆರು ದಿನ ಒಂಬತ್ತೊಂಬತ್ತು ಮಾಡು’ ಎನ್ನುತ್ತಾರೆ. ಒಂಬತ್ತಾರಲಿ ಐವತ್ತನಾಲ್ಕು. ಕಾನೂನಿನ ಬೇಲಿ ನಲವತ್ತೆಂಟಕ್ಕೇ ಇದೆ. ಎರಡೂ ಮಿತಿ ಒಟ್ಟಿಗೆ ನಿಲ್ಲಬೇಕು. ಆರು ದಿನದ ಕೆಲಸವಾದರೆ ಸರಾಸರಿ ದಿನಕ್ಕೆ ಎಂಟೇ ಗಂಟೆ.

ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಅದು ಓಟಿ, ಹೆಚ್ಚುವರಿ ದುಡಿಮೆ. ಕಲಂ 8ರ ಪ್ರಕಾರ ಅದಕ್ಕೆ ಎರಡು ಪಟ್ಟು ಕೂಲಿ. ಓಟಿ ಸೇರಿಸಿದರೂ ದಿನಕ್ಕೆ 10 ಗಂಟೆ ದಾಟುವಂತಿಲ್ಲ. ಸ್ಟಾಕ್ ಎಣಿಸುವ ದಿನ, ಲೆಕ್ಕಪತ್ರ ಸಿದ್ಧಪಡಿಸುವ ದಿನಗಳಿಗೆ ಮಾತ್ರ ವಿನಾಯಿತಿ. ಮೂರು ತಿಂಗಳಿಗೆ ಒಟ್ಟು ಓಟಿ 50 ಗಂಟೆ, ಅಷ್ಟೇ.

ನಮ್ಮ 75 ಗಂಟೆಯನ್ನು ಇದರ ಪಕ್ಕ ಇಟ್ಟು ನೋಡಿ. ಎಪ್ಪತ್ತೈದರಲ್ಲಿ ನಲವತ್ತೆಂಟು ಕಳೆದರೆ 27. ಒಂದು ವಾರಕ್ಕೆ ಇಪ್ಪತ್ತೇಳು ಗಂಟೆ ಓಟಿ. ಎರಡು ವಾರಕ್ಕೆ ಐವತ್ತನಾಲ್ಕು. ಅಂದರೆ ಕಾನೂನು ಮೂರು ತಿಂಗಳಿಗೆಂದು ಕೊಟ್ಟ ಮಿತಿ ಹದಿನಾಲ್ಕನೆಯ ದಿನಕ್ಕೇ ಮುಗಿದುಹೋಗುತ್ತದೆ. ಶ್ರಾವಣದ ಅಮಾವಾಸ್ಯೆಯೂ ಬಂದಿರುವುದಿಲ್ಲ. ಹಣದಲ್ಲಿ ಎಷ್ಟು? ಲೆಕ್ಕ ಸುಲಭವಾಗಲೆಂದು ತಿಂಗಳ ಸಂಬಳ 15,600 ರೂಪಾಯಿ ಎಂದು ಹಿಡಿಯಿರಿ. 26 ದಿನಕ್ಕೆ ಹಂಚಿದರೆ ದಿನಕ್ಕೆ 600, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75. ಓಟಿಗೆ ಅದರ ಎರಡು ಪಟ್ಟು, 150. ಇಪ್ಪತ್ತೇಳು ಗಂಟೆಗೆ 4,050 ರೂಪಾಯಿ. ನಾಲ್ಕು ವಾರಕ್ಕೆ 16,200. ತಿಂಗಳ ಸಂಬಳಕ್ಕಿಂತ ಹೆಚ್ಚು! ಪ್ರತಿ ತಿಂಗಳೂ ಒಂದು ಇಡೀ ಸಂಬಳ ನಮ್ಮ ಕೈಗೆ ಬಾರದೆ ಅಲ್ಲೇ ಉಳಿಯುತ್ತಿದೆ. ಹಬ್ಬಕ್ಕೆ ಕೊಡುವ ಒಂದು ಕೆ.ಜಿ. ಸಿಹಿ ಮತ್ತು ಐನೂರು ರೂಪಾಯಿಯ ಕವರು ಇದಕ್ಕೆ ಸಮನಲ್ಲ, ತಾಯಂದಿರೇ.

ವಿರಾಮ: ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಅಷ್ಟರೊಳಗೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಕಲಂ 9. ಇಪ್ಪತ್ತು ನಿಮಿಷದ ಪಾಳಿ ಊಟ ಬಿಡುವಲ್ಲ. ಇನ್ನು ಕಲಂ 10: ಬಿಡುವೂ ಸೇರಿ, ಬಂದ ಹೊತ್ತಿನಿಂದ ಹೋದ ಹೊತ್ತಿನವರೆಗೆ ಒಟ್ಟು 12 ಗಂಟೆ ದಾಟಬಾರದು. ‘ಮಧ್ಯಾಹ್ನ ಗಿರಾಕಿ ಇಲ್ಲದಾಗ ಸುಮ್ಮನೆ ಇದ್ದೆಯಲ್ಲ’ ಎಂಬ ಮಾತಿಗೆ ಈ ಕಲಮೇ ಉತ್ತರ. ಒಂಬತ್ತೂವರೆಗೆ ಬಂದವರು ರಾತ್ರಿ ಒಂಬತ್ತೂವರೆಗೆ ಬೀದಿಯಲ್ಲಿರಬೇಕು, ಅರ್ಧ ಇಳಿದ ಷಟರಿನ ಒಳಗಲ್ಲ.

ವಾರಕ್ಕೊಂದು ಪೂರ್ತಿ ದಿನ ರಜೆ, ಸಂಬಳ ಕಡಿತವಿಲ್ಲದೆ. ಹಬ್ಬದ ಸೀಸನ್ನಿಗೆ ಈ ರಜೆ ನಿಂತುಹೋಗುವುದಿಲ್ಲ. ದಿನದ 24 ಗಂಟೆಯೂ ತೆರೆದಿರಲು ಸರ್ಕಾರ 2021ರಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳಿಗೆ ಅನುಮತಿ ಕೊಟ್ಟಿತಲ್ಲ, ಅದನ್ನು ತೋರಿಸಿ ಕೆಲವರು ‘ಈಗ ರಜೆ ಇಲ್ಲ’ ಎನ್ನುತ್ತಿದ್ದಾರೆ. ಆ ಆದೇಶದಲ್ಲೇ ಷರತ್ತು ಇದೆ: ಸರದಿಯ ಮೇಲೆ ಪ್ರತಿಯೊಬ್ಬರಿಗೂ ವಾರದ ರಜೆ, ಇವತ್ತು ಯಾರಿಗೆ ರಜೆ ಎಂಬ ಪಟ್ಟಿ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು. ತೆರೆದಿರಲು ಅನುಮತಿ ಸಿಕ್ಕಿದ್ದು ಅಂಗಡಿಗೆ, ನಮ್ಮ ಕಾಲಿಗಲ್ಲ. ಹೆಣ್ಣುಮಕ್ಕಳು ಇದನ್ನು ನೆನಪಿಡಿ: ರಾತ್ರಿ 8ರ ನಂತರ ನಿಮ್ಮನ್ನು ಇರಿಸಿಕೊಳ್ಳಬೇಕಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಮನೆ ತಲುಪಿಸುವ ವಾಹನದ ವ್ಯವಸ್ಥೆ ಬೇಕು. ಮೆಜೆಸ್ಟಿಕ್ಕಿನಲ್ಲಿ ಕೊನೆಯ ಬಸ್ಸಿಗೆ ಓಡುವುದು ವ್ಯವಸ್ಥೆಯಲ್ಲ.

ವರ್ಷದ ಗಳಿಕೆ ರಜೆಯೂ ಇದೆ, ದುಡಿದ ಪ್ರತಿ 20 ದಿನಕ್ಕೆ 1 ದಿನ. ಕಾಯಿಲೆ ಕಸಾಲೆಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ಇವುಗಳ ಹೆಸರನ್ನೇ ಕೇಳದವರು ನಮ್ಮ ಬೀದಿಯಲ್ಲಿ ಎಷ್ಟೋ ಮಂದಿ.

ಕೂರುವ ಮಾತು. ಹಳೆಯ ಚಿಕ್ಕಪೇಟೆಯ ಅಂಗಡಿಗಳಲ್ಲಿ ಬಿಳಿ ಗಾದಿ ಹಾಸಿರುತ್ತಿದ್ದರು. ಗಿರಾಕಿಯೂ ಕೂರುತ್ತಿದ್ದರು, ಸೀರೆ ತೋರಿಸುವವರೂ ಕೂರುತ್ತಿದ್ದರು. ಶೋರೂಮು ಬಂತು, ಗಾಜು ಬಂತು, ಏಸಿ ಬಂತು. ಕೌಂಟರಿನ ಈ ಕಡೆ ಒಂದು ಸ್ಟೂಲೂ ಉಳಿಯಲಿಲ್ಲ. ಗಿರಾಕಿ ಇಲ್ಲದಾಗಲೂ ಕೂತರೆ ಸಿಸಿಟಿವಿಯಲ್ಲಿ ಕಂಡು ಫೋನ್ ಬರುತ್ತದೆ. ನಮ್ಮ ಪಿಂಡಿಗಳಲ್ಲಿ ಗಂಟು ಕಟ್ಟಿದ ನರಗಳನ್ನು ಸೀರೆ ಮುಚ್ಚುತ್ತದೆ, ಅಷ್ಟೇ. ಇಡೀ ಮಹಡಿಗೆ ಒಂದೇ ಶೌಚಾಲಯ, ಅದಕ್ಕೂ ಕೇಳಿ ಹೋಗಬೇಕು ಎಂದು ನೀರು ಕುಡಿಯುವುದನ್ನೇ ಬಿಟ್ಟ ಹುಡುಗಿಯರು ಎಷ್ಟು ಮಂದಿ ಉರಿಮೂತ್ರದ ಮಾತ್ರೆ ನುಂಗುತ್ತಿದ್ದಾರೆ, ನಿಮಗೆ ಗೊತ್ತು.

ಕಲ್ಲಿಕೋಟೆಯ ಮಿಠಾಯಿ ಬೀದಿಯಲ್ಲಿ ಇದೇ ನೋವು ಉಂಡ ಅಂಗಡಿ ಹೆಂಗಸರು ‘ಪೆಣ್‌ಕೂಟ್ಟು’ ಎಂದು ಗುಂಪು ಕಟ್ಟಿದರು. ಅವರಲ್ಲಿ ಮುಂದೆ ನಿಂತವರು ದರ್ಜಿ ಕೆಲಸ ಮಾಡುತ್ತಿದ್ದ ವಿಜಿ ಪಳ್ಳಿತೊಡಿ. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕುರ್ಚಿ. ವರ್ಷಗಳ ಕಾಲ ಬಿಡದೆ ಕೇಳಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆ ತಿದ್ದಿ ಕೂರುವ ವ್ಯವಸ್ಥೆ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. 1961ರಲ್ಲಿ ನಮ್ಮ ಕಾಯ್ದೆ ಬರೆದವರಿಗೆ ಗಾದಿ ಮಾಯವಾಗುತ್ತದೆಂದು ತೋಚಿರಲಿಲ್ಲವೇನೋ, ಆ ಮಾತು ಅದರಲ್ಲಿ ಬರಲಿಲ್ಲ. ನಮ್ಮ ಕಾಯ್ದೆಯಲ್ಲೂ ಅದು ಸ್ಪಷ್ಟವಾಗಿ ಬರಬೇಕು.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಆ ದಿನದಿಂದ ಒಂದು ಹೊಸ ಸುಳ್ಳು ಬೀದಿಯಲ್ಲಿ ಓಡಾಡುತ್ತಿದೆ: ‘ಹಳೇ ಕಾನೂನೆಲ್ಲ ಹೋಯ್ತು, ಈಗ ಹನ್ನೆರಡು ಗಂಟೆ.’ ಸಂಹಿತೆಗಳು ರದ್ದು ಮಾಡಿದ್ದು ಕೇಂದ್ರದ ಹಳೆಯ ಕಾಯ್ದೆಗಳನ್ನು. ನಮ್ಮ ರಾಜ್ಯದ ಅಂಗಡಿ ಕಾಯ್ದೆ ಆ ಪಟ್ಟಿಯಲ್ಲಿಲ್ಲ. ಅಷ್ಟೇ ಅಲ್ಲ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗಳಿಗೆ ಬಂದಿರುವ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೂ ದಿನಕ್ಕೆ 8 ಗಂಟೆ ಎಂದೇ ಬರೆದಿದೆ, ಓಟಿಗೆ ನೌಕರರ ಒಪ್ಪಿಗೆ ಮತ್ತು ಎರಡು ಪಟ್ಟು ಕೂಲಿ ಎಂದಿದೆ, ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದಿದೆ.

ಹಾಗೆಂದು ಈ ಮಿತಿಗಳು ಕಲ್ಲಿನ ಮೇಲೆ ಕೊರೆದವಲ್ಲ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯವರೆಗೆ ದಾರಿ ತೆರೆಯುವ ಪ್ರಸ್ತಾವ ಬಂತು. ಐಟಿ ನೌಕರರು ಗದ್ದಲ ಎಬ್ಬಿಸಿದರು. 2025ರ ಜೂನ್‌ನಲ್ಲಿ ಕಾರ್ಮಿಕ ಇಲಾಖೆ ಇದೇ ಅಂಗಡಿ ಕಾಯ್ದೆಯನ್ನು ತಿದ್ದುವ ಪ್ರಸ್ತಾವ ಮುಂದಿಟ್ಟಿತು: ಒಂಬತ್ತು ಗಂಟೆ ಹತ್ತಾಗಲಿ, ಓಟಿ ಸೇರಿ ಹತ್ತಿದ್ದದ್ದು ಹನ್ನೆರಡಾಗಲಿ, ಮೂರು ತಿಂಗಳ ಓಟಿ 50ರಿಂದ 144 ಗಂಟೆಗೆ ಏರಲಿ ಎಂದು. ಅದರ ಮೇಲೆ ಕರೆದ ಸಭೆಯಲ್ಲಿ ಐಟಿ ನೌಕರರ ಸಂಘದವರು ವಿರೋಧಿಸಿದರು. ಅಂಗಡಿಯಲ್ಲಿ ನಿಂತವರ ದನಿ ಎಲ್ಲಿತ್ತು? ಆ ಹೊತ್ತಿಗೆ ನಾವು ಸೀರೆ ಮಡಚುತ್ತಿದ್ದೆವು.

ದನಿ ಎತ್ತಿದರೆ ಏನಾಗುತ್ತದೆಂದು ನಮ್ಮ ರಾಜ್ಯವೇ ನೋಡಿದೆ. ಕೊರೊನಾ ಲಾಕ್‌ಡೌನಿನ ನಡುವೆ, 2020ರ ಮೇ 22ರಂದು, ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಲು ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಹೈಕೋರ್ಟಿನಲ್ಲಿ ಪ್ರಶ್ನೆ ಬಂತು. ಜೂನ್ 11ಕ್ಕೆ ಅದನ್ನು ವಾಪಸ್ ಪಡೆದರು. ಇಪ್ಪತ್ತೊಂದು ದಿನ ಸಹ ನಿಲ್ಲಲಿಲ್ಲ.

ಈ ಗಂಟೆಗಳನ್ನು ಯಾರೂ ದಾನ ಕೊಟ್ಟದ್ದಲ್ಲ. 1862ರಲ್ಲಿ ಹೌರಾದ ರೈಲ್ವೆ ಕಾರ್ಮಿಕರು ಎಂಟು ಗಂಟೆಗಾಗಿ ಕೆಲಸ ನಿಲ್ಲಿಸಿದರು, ಚಿಕಾಗೋದ ಮೇ ದಿನಕ್ಕಿಂತ ಇಪ್ಪತ್ತನಾಲ್ಕು ವರ್ಷ ಮೊದಲು. ಮುಂಬಯಿ ಗಿರಣಿಗಳಲ್ಲಿ ಭಾನುವಾರದ ರಜೆಗಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಬಡಿದಾಡಿ 1890ರಲ್ಲಿ ಪಡೆದರು. ಕಾರ್ಖಾನೆಗಳ ವಾರದ ದುಡಿಮೆಯನ್ನು 54ರಿಂದ 48 ಗಂಟೆಗೆ ಇಳಿಸಿದ 1946ರ ತಿದ್ದುಪಡಿಯ ಹಿಂದೆ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬ್ ಅಂಬೇಡ್ಕರ್ ಇದ್ದರು. ನಮ್ಮ ಕಲಂ 7ರಲ್ಲಿರುವ 48 ಅದೇ 48.

ದೇಹದ ಲೆಕ್ಕವೂ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಯಾಗಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಅವರು 55 ಎಂದರು. ನಮ್ಮದು 75.

‘ಕೇಳಿದರೆ ಕೆಲಸದಿಂದ ತೆಗೆಯುತ್ತಾರೆ.’ ಈ ಹೆದರಿಕೆ ನಿಜ, ಅದನ್ನು ಸಣ್ಣದು ಮಾಡಿ ಹೇಳಲಾರೆ. ಬಾಡಿಗೆ, ಸ್ಕೂಲ್ ಫೀಸು, ಧರ್ಮಸ್ಥಳ ಸಂಘದ ಕಂತು ಎಲ್ಲ ಆ ಸಂಬಳಕ್ಕೆ ಕಟ್ಟಿಹಾಕಿಕೊಂಡಿವೆ. ಅದಕ್ಕೇ ಮೊದಲ ಹೆಜ್ಜೆಯಾಗಿ ಕೇಳಿ ಎಂದು ಹೇಳುತ್ತಿಲ್ಲ, ಬರೆಯಿರಿ ಎನ್ನುತ್ತಿದ್ದೇವೆ. ಮನೆಯಲ್ಲಿ ಕೂತು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಇದೂ ತಿಳಿದಿರಲಿ: ಆರು ತಿಂಗಳು ಸತತವಾಗಿ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ಕಲಂ 39. ಅದಕ್ಕಾಗಿಯೇ ನೇಮಕಾತಿ ಪತ್ರ ಕೇಳಿ ಪಡೆಯಿರಿ. ಕೊಡುವುದು ಅವರ ಕರ್ತವ್ಯ. ದೂರಿಗೆ ಹೋಗುವ ದಿನ ಒಬ್ಬರೇ ಹೋಗಬೇಡಿ. ಒಂದೇ ಬೀದಿಯ ಹತ್ತು ಅಂಗಡಿಯ ನಲವತ್ತು ಜನ ನಲವತ್ತು ಹಾಳೆ ಹಿಡಿದು ಹೋದರೆ, ಯಾವ ಒಬ್ಬರ ಮೇಲೂ ಬೊಟ್ಟು ಮಾಡಲಾಗುವುದಿಲ್ಲ.

ಸಣ್ಣ ಅಂಗಡಿಯ ಮಾಲೀಕರೇ, ನೀವೂ ಅದೇ ಹದಿಮೂರು ಗಂಟೆ ಗಲ್ಲಾದ ಮುಂದೆ ಕೂತಿರುತ್ತೀರಿ, ಪಕ್ಕದವರು ಮುಚ್ಚದೆ ನೀವು ಮುಚ್ಚಲಾರಿರಿ. ಕಾನೂನು ಎಲ್ಲರಿಗೂ ಒಂದೇ ಹೊತ್ತಿಗೆ ಬಿದ್ದರೆ ನಿಮಗೂ ಮನೆಯ ಊಟ ಸಿಗುತ್ತದೆ. ಗಿರಾಕಿಗಳೇ, ರಾತ್ರಿ ಒಂಬತ್ತರ ಮೇಲೆ ಬಂದು ಮೂವತ್ತು ಸೀರೆ ಬಿಚ್ಚಿಸಿ ‘ನಾಳೆ ಬರ್ತೀವಿ’ ಎಂದು ಎದ್ದು ಹೋಗಬೇಡಿ. ಸಂಜೆ ಬೇಗ ಬನ್ನಿ. ಕೌಂಟರಿನ ಹುಡುಗಿ ಕೂತು ತೋರಿಸಿದರೆ ಅದನ್ನು ಅಗೌರವ ಎಂದುಕೊಳ್ಳಬೇಡಿ; ಆಗಲಿ, ಕೂತೇ ತೋರಿಸಮ್ಮ ಎನ್ನಿ.

ಬರೆಯುವುದು ಹೇಗೆ? ಕ್ಯಾಲೆಂಡರ್ ಸಾಕು, ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಅದೇ ದಿನ ಬರೆಯಿರಿ, ವಾರದ ಕೊನೆಗೆ ನೆನಪು ಮಾಡಿಕೊಂಡು ಬರೆದರೆ ತೂಕ ಇಲ್ಲ. ಸುತ್ತಿ ಹೇಳಬೇಡಿ, 10.35 ಆದರೆ 10.35 ಎಂದೇ ಬರೆಯಿರಿ, 11 ಎನ್ನಬೇಡಿ. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಉಳಿದ ಇನ್ನೂರು ಸಾಲನ್ನೂ ಅನುಮಾನಿಸುತ್ತಾರೆ. ‘ನಾಳೆ 9ಕ್ಕೇ ಬನ್ನಿ’, ‘ಈ ಭಾನುವಾರ ಯಾರಿಗೂ ರಜೆ ಇಲ್ಲ’ ಎಂದು ಮ್ಯಾನೇಜರು ವಾಟ್ಸಾಪಿನಲ್ಲಿ ಹಾಕಿದ್ದನ್ನು ಅಳಿಸಬೇಡಿ. ಅಕ್ಕತಂಗಿಯರೇ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಬಸ್ಸಿಳಿದ ಕೂಡಲೇ ಬಿಸಾಡುತ್ತೇವಲ್ಲ, ಅದರ ಮೇಲೆ ದಿನಾಂಕ, ಹೊತ್ತು ಎರಡೂ ಅಚ್ಚಾಗಿರುತ್ತದೆ. ಸರ್ಕಾರವೇ ದಿನವೂ ನಮ್ಮ ಕೈಗೆ ಸಾಕ್ಷಿ ಕೊಡುತ್ತಿದೆ. ಆ ಅಚ್ಚು ಬೇಗ ಮಾಸಿಹೋಗುತ್ತದೆ, ಅದಕ್ಕೆ ಫೋನಿನಲ್ಲಿ ಫೋಟೊ ತೆಗೆದಿಡಿ. ಇನ್ನು ಖಾಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಲೇಬೇಕಾಗಿ ಬಂದರೆ, ಆ ದಿನದ ಚೌಕದಲ್ಲಿ ‘ಇವತ್ತು ಖಾಲಿ ಪುಸ್ತಕಕ್ಕೆ ಸಹಿ ಮಾಡಿಸಿಕೊಂಡರು’ ಎಂದು ಬರೆದುಕೊಳ್ಳಿ.

ಒಂದು ತಿಂಗಳು ತುಂಬಿದ ಮೇಲೆ ನಿಮ್ಮ ಹಾಳೆಯನ್ನು ಪಕ್ಕದ ಅಂಗಡಿಯವರ ಹಾಳೆಯ ಜೊತೆ ಇಡಿ. ನಿಮ್ಮ ವಲಯದ ಕಾರ್ಮಿಕ ನಿರೀಕ್ಷಕರಿಗೆ ಅಥವಾ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಒಟ್ಟಾಗಿ ಲಿಖಿತ ದೂರು ಕೊಡೋಣ. ಮೂಲ ಹಾಳೆ ಕೊಡಬೇಡಿ, ಜೆರಾಕ್ಸ್ ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಅಷ್ಟರೊಳಗೆ ತುರ್ತಾಗಿ ಕೇಳಬೇಕಾದದ್ದಿದ್ದರೆ ಇಲಾಖೆಯ ಕಾರ್ಮಿಕ ಸಹಾಯವಾಣಿ 155214.

ಈ ಕರಪತ್ರದ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಮೂವತ್ತೊಂದು ಗೆರೆ ಎಳೆದಿದೆ: ದಿನಾಂಕ, ಬಂದ ಹೊತ್ತು, ಊಟದ ನಿಮಿಷ, ಬಿಟ್ಟ ಹೊತ್ತು. ಇದನ್ನು ಬ್ಲೌಸಿನ ಪರ್ಸಿನಲ್ಲೋ ಷರ್ಟಿನ ಜೇಬಿನಲ್ಲೋ ಮಡಚಿ ಇಟ್ಟುಕೊಳ್ಳಿ. ರಾತ್ರಿ ಷಟರಿನ ಕೆಳಗೆ ಬಗ್ಗಿ ಹೊರಗೆ ಬಂದಾಗ ಗಡಿಯಾರ ನೋಡಿ, ಬಸ್ಸಿನಲ್ಲಿ ಕೂತು ಮೊದಲ ಗೆರೆ ತುಂಬಿ.